ಮಿಯಾಪುರದ ಕಾರ್ಬನ್ ಫ್ರೇಮು

ಲಿಫ್ಟಿನಲ್ಲಿ ಎದುರುಮನೆಯ ಯಮುನಾಬಾಯಿ “ಎಲ್ಲಿಗಪಾ?” ಎಂದು ಕೇಳಿದಾಗ ಕಾಶಿನಾಥ ನಿಜ ಹೇಳಿಬಿಟ್ಟ. ಎಡವಿದ್ದು ಅಲ್ಲೇ.

“ಮಿಯಾಪುರಕ್ಕ ರೀ ಕಾಕೂ. ಒಬ್ರು ಸೈಕಲ್ ಫ್ರೇಮ್ ಮಾರಾಕತ್ತಾರ.”

“ಒಬ್ಬನ ಹೊಂಟೀಯೇನು? ನಿನ್ನ ಮಾರಿ ನೋಡಿದ್ರ ಯಾರರ ರೇಟು ಇಳಸ್ತಾರ? ನಡಿ, ನಾನೂ ಬರ್ತೀನಿ.”

ಹಿಮಾಯತ್‌ನಗರದ ಸೀರೆ ಅಂಗಡಿಯವರು ಈಕೆಯನ್ನು ಕಂಡರೆ ಊಟದ ಹೊತ್ತಾಯಿತೆಂದು ಶಟರ್ ಎಳೆಯುತ್ತಿದ್ದರು.

ಕಾಶಿನಾಥನ ಸಂಕಟ ಹಳೆಯದು. ಮಾದಾಪುರದ ಆಫೀಸಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಹಗುರಾದ ಕಾರ್ಬನ್ ನಾರಿನ ಸೈಕಲ್ಲೊಂದು ತಾನು ಕೂತ ಕ್ಯಾಬಿನ ಪಕ್ಕ ಬಂದು ನಿಂತರೆ, ಬೇರೆಯವರನ್ನು ಮದುವೆಯಾದ ಹಳೆಯ ಗೆಳತಿಯನ್ನು ಕಂಡವನ ಹಾಗೆ ಮುಖ ತಿರುಗಿಸುತ್ತಿದ್ದ. ಮತ್ತೆ ಕದ್ದು ನೋಡುತ್ತಿದ್ದ. ಹೊಸದು ಕೈಗೆಟುಕುವಂಥದ್ದಲ್ಲ. ಆದರೆ ಒಳ್ಳೆಯ ಫ್ರೇಮನ್ನು ಗುರುತಿಸುವುದನ್ನು ವಿಡಿಯೋ ನೋಡಿ ನೋಡಿ ಕಲಿತಿದ್ದ.

ಮಿಯಾಪುರದಲ್ಲಿ ಫ್ರೇಮ್ ಮಾರುತ್ತಿದ್ದವರು ಮಲ್ಲಿಕಾರ್ಜುನ, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರು. ಮೊಣಕಾಲು ಕೈಕೊಟ್ಟಿತ್ತು. ಕೂಸನ್ನು ಕೊಡುವ ಹಾಗೆ ಫ್ರೇಮನ್ನು ಕಾಶಿನಾಥನ ಕೈಗಿಟ್ಟು, “ಓಡಸೋರ ಮನಿ ಸೇರಿದ್ರ ಸಾಕ್ರಿ” ಎಂದರು.

ಕಾಶಿನಾಥ ಟಾರ್ಚ್ ಹಿಡಿದು ಕೊಳವೆಯೊಳಗೆ ಇಣುಕಿದ. ಸುಕ್ಕಿಲ್ಲ, ಅಂಟಿನ ಗಂಟಿಲ್ಲ. ನಾಣ್ಯದಿಂದ ಉದ್ದಕ್ಕೂ ಮೆಲ್ಲಗೆ ತಟ್ಟಿದ. ಒಳಗೆ ಕಾರ್ಬನ್ನಿನ ಪದರ ಬಿಟ್ಟುಕೊಂಡಿದ್ದರೆ ಅಲ್ಲಿ ಸದ್ದು ಮಂಕಾಗಬೇಕು. ಎಲ್ಲೂ ಆಗಲಿಲ್ಲ. ಅವನ ಕಣ್ಣು ತುಂಬಿ ಬಂತು.

ಯಮುನಾಬಾಯಿ ಅವನ ತೋಳು ಚಿವುಟಿ ಪಿಸುಗುಟ್ಟಿದರು: “ಅಳಬ್ಯಾಡೋ! ಏನರ ಹುಳುಕು ತಗಿ!”

“ಹೆಂಗೈತ್ರಿ?” ಎಂದರು ಮಲ್ಲಿಕಾರ್ಜುನ.

“ಭಾಳ...” ಮತ್ತೊಂದು ಚಿವುಟು ಬಿತ್ತು. “ಇಲ್ಲಿ ಸ್ವಲ್ಪ... ಸಪ್ಪಳ ಮಂಕ್ ಬಂತ್ರಿ.”

“ಸ್ವಲ್ಪ ಅಂತ! ಇದರ ಮ್ಯಾಲೆ ಕುಂತಾವ ಇಳಿಜಾರಿನ್ಯಾಗ ಹಲ್ಲು ಆರಿಸಿಕೋಬೇಕ್ರಿ,” ಎಂದರು ಯಮುನಾಬಾಯಿ. “ನಮ್ಮ ಕಾಶಿನಾಥ ಇದನ್ನೆಲ್ಲಾ ಅರದು ಕುಡದಾನ.”

ಮಲ್ಲಿಕಾರ್ಜುನರ ಮುಖ ಬಿಳಿಚಿತು. ಫ್ರೇಮ್ ಎತ್ತಿಕೊಂಡು ಒಳಗೆ ಹೋದರು.

“ಹೆಂಡ್ತೀನ ಕೇಳಾಕ ಹೋದ್ರು. ಅರ್ಧಕ್ಕ ಬರ್ತಾರ ನೋಡು,” ಎಂದರು ಯಮುನಾಬಾಯಿ.

ಒಳಗಿನಿಂದ ಕರಕರ ಸದ್ದು ಬಂತು.

“ಕಾಯಿ ತುರಿಯಾಕತ್ತಾರ. ನಾಷ್ಟಾನೂ ಐತಿ!”

ಕಾಶಿನಾಥನಿಗೆ ಅದೊಂದೂ ಕೇಳಿಸಲಿಲ್ಲ. ಅವನಾಗಲೇ ಗಂಡಿಪೇಟೆ ಕೆರೆಯ ದಂಡೆಯ ಮೇಲೆ ಬೆಳಗಿನ ಗಾಳಿಗೆ ಮೈಯೊಡ್ಡಿ ಹೋಗುತ್ತಿದ್ದ.

ಮಲ್ಲಿಕಾರ್ಜುನ ಹೊರಗೆ ಬಂದರು. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಫ್ರೇಮಿನ ಎರಡು ತುಂಡು.

“ಗೊತ್ತಿಲ್ದ ಯಾರದೋ ಮನಿ ಮಗನ್ನ ಕೊಲ್ತಿದ್ದೆ ನೋಡ್ರಿ. ಇನ್ನ ಇದನ್ನ ಯಾರೂ ಹತ್ತಂಗಿಲ್ಲ. ನಿಮ್ಮಿಂದ ಪಾಪ ತಪ್ಪಿತು.”

ಕಾಶಿನಾಥ ಒಂದು ತುಂಡು ತೆಗೆದುಕೊಂಡು, ಕೊಯ್ದ ಜಾಗವನ್ನು ಬೆಳಕಿಗೆ ಹಿಡಿದ. ಪದರಕ್ಕೆ ಪದರ ಬೆಸೆದುಕೊಂಡಿತ್ತು, ಕೂದಲೆಳೆಯಷ್ಟೂ ಸಂದಿಲ್ಲ. ಇಂಥ ಚೆಂದದ ಒಳಮೈಯನ್ನು ಅವನು ಯಾವ ವಿಡಿಯೋದಲ್ಲೂ ಕಂಡಿರಲಿಲ್ಲ.

“ಎಲ್ಲೈತ್ರಿ ಬಿರುಕು?” ಎಂದರು ಮಲ್ಲಿಕಾರ್ಜುನ.

“ಭಾಳ ಸಣ್ಣದೈತ್ರಿ... ಕಣ್ಣಿಗೆ ಕಾಣಂಗಿಲ್ಲ.” ಕಾಶಿನಾಥ ತುಂಡನ್ನು ಎದೆಗೊತ್ತಿಕೊಂಡ.

ಅವನ ಒದ್ದೆ ಕಣ್ಣು ಕಂಡು ಮಲ್ಲಿಕಾರ್ಜುನರೂ ಕರಗಿದರು. ಗರಗಸ ಕೆಳಗಿಟ್ಟು, ಅವನ ಎರಡೂ ಕೈ ಹಿಡಿದುಕೊಂಡು ಹೇಳಿದರು: “ನಿಮ್ಮಂಥವ್ರು ಸಿಗೂದು ಅಪರೂಪ. ನನ್ನ ದೋಸ್ತರ ಮನ್ಯಾಗೂ ಇಂಥಾವು ಅದಾವ್ರಿ. ಈಗ ಹೋಗೋಣ, ಎಲ್ಲಾ ನೀವ ತಟ್ಟಿ ನೋಡ್ರಿ. ಗರಗಸ ನಾ ತರ್ತೀನಿ.”