ಎಣ್ಣೆ ಕಡಿಮೆ, ನಡಿಗೆ ಜಾಸ್ತಿ

ಎಣ್ಣೆ ಕಡಿಮೆ ಮಾಡಿ, ಸಕ್ಕರೆ ಕಡಿಮೆ ಮಾಡಿ, ದಿನಾ ನಡೆಯಿರಿ ಅಂತ ಊರೂರಿಗೆ ಹೋಗಿ ಹೇಳುವುದು ನನ್ನ ಕೆಲಸ. ಆರೋಗ್ಯ ಇಲಾಖೆ ಸೇರಿ ಇಪ್ಪತ್ತಾರು ವರ್ಷವಾಯಿತು. ಕೋಲಾರ ಜಿಲ್ಲೆಯಲ್ಲೇ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ವರ್ಗವಾಗುತ್ತ ಸುತ್ತಿದ್ದೇನೆ. ಹೇಳುವುದಕ್ಕೆ ನನಗೆ ಯಾವತ್ತೂ ಕಷ್ಟವಾಗಿಲ್ಲ, ಕೇಳುವುದಕ್ಕೆ ಜನರಿಗೂ ಕಷ್ಟವಾಗಿಲ್ಲ. ಕೇಳಿಸಿಕೊಂಡು ಮನೆಗೆ ಹೋದ ಮೇಲೆ ಅವರು ಏನು ಮಾಡುತ್ತಾರೋ, ಅಲ್ಲಿ ಮಾತ್ರ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇರುತ್ತದೆ.

ಮೂರನೇ ಸುತ್ತು

ಮಾಲೂರಿನಲ್ಲಿದ್ದಾಗ ಬೆಳಗಿನ ನಡಿಗೆಗೆ ಒಂದು ಗುಂಪು ಕಟ್ಟಿದೆ. ಮೈದಾನದ ಸುತ್ತ ಎರಡು ಸುತ್ತು, ಅಷ್ಟೇ. ಊರಲ್ಲಿ ಅರ್ಧ ಜನ ಬೆಳಗಾದರೆ ಬೆಂಗಳೂರಿನ ರೈಲು ಹತ್ತುವವರು, ಇನ್ನರ್ಧ ಜನ ಅವರನ್ನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಡುವವರು. ಮೊದಲ ವಾರ ಬಂದವರು ಐದೇ ಜನ, ಎಲ್ಲರೂ ನಿವೃತ್ತರು. ತಿಂಗಳು ಕಳೆಯುವುದರೊಳಗೆ ನಲವತ್ತು ಮಂದಿಯಾದರು. ನನ್ನ ಮಾತಿಗೆ ಇಷ್ಟು ಶಕ್ತಿ ಇದೆಯಾ ಅಂತ ನನಗೇ ಆಶ್ಚರ್ಯ. ಮೇಲಧಿಕಾರಿಗಳಿಗೆ ಫೋಟೋ ಕಳಿಸಿದೆ, ಅವರೂ ಬೆನ್ನು ತಟ್ಟಿದರು.

ದಿನಾ ಎರಡು ಸುತ್ತು ಮುಗಿದ ಕೂಡಲೇ ನಾನು ಬೈಕ್ ಹತ್ತಿ ಹೊರಟುಬಿಡುತ್ತಿದ್ದೆ. ಒಂದು ದಿನ ಟೈರು ಪಂಕ್ಚರ್ ಆಗಿತ್ತು. ಬಸ್ ಸ್ಟ್ಯಾಂಡಿನ ತನಕ ಅವರ ಜೊತೆ ನಡೆದೇ ಹೊರಟೆ. ದಾರಿಯಲ್ಲಿ ನಲವತ್ತೂ ಜನ ಸಾಲಾಗಿ ಒಂದು ಹೋಟೆಲಿನೊಳಗೆ ತಿರುಗಿದರು. ಒಳಗೆ ಟೇಬಲ್‌ಗಳನ್ನು ಮೊದಲೇ ಜೋಡಿಸಿ ಇಟ್ಟಿದ್ದರು. ವಡೆಯ ತಟ್ಟೆ ಬರುತ್ತಿತ್ತು. ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ನಿವೃತ್ತ ಹೆಡ್‌ಮಾಸ್ಟರು ನನಗೊಂದು ಕುರ್ಚಿ ಎಳೆದು ಕೊಟ್ಟು, "ಇವತ್ತಾದ್ರೂ ಪೂರ್ತಿ ಮುಗಿಸ್ಕೊಂಡು ಹೋಗಿ ಸಾರ್, ದಿನಾ ಅರ್ಧಕ್ಕೇ ಬಿಟ್ಟು ಹೋಗ್ತೀರ" ಅಂದರು.

ಚಟ್ನಿ ಹಾಕಲು ಹೋಟೆಲ್ ಮಾಲೀಕರೇ ಬಂದರು. ನೋಡಿದರೆ, ದಿನಾ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು, ಮನೆ ಮನೆಗೂ ಹೋಗಿ ಹೊಸಬರನ್ನು ನಡಿಗೆಗೆ ಎಬ್ಬಿಸಿ ತರುತ್ತಿದ್ದ ಮನುಷ್ಯ. ಈತನಿಗೊಂದು ಸನ್ಮಾನ ಮಾಡಿಸಬೇಕು ಅಂತ ನಾನೇ ಯೋಚಿಸಿದ್ದೆ. ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು: "ಸಾರ್, ನಾಳೆಯಿಂದ ಇನ್ನೊಂದು ಸುತ್ತು ಜಾಸ್ತಿ ಮಾಡಿಸಿ. ಎರಡು ಸುತ್ತಿಗೆ ಇಡ್ಲಿ ವಡೆಗೇ ನಿಂತ್ಬಿಡ್ತಾರೆ. ಮೂರಾದ್ರೆ ಮಸಾಲೆ ದೋಸೆ ತನಕ ಬರ್ತಾರೆ."

ತೂಕದ ಸ್ಪರ್ಧೆ

ಕೋಲಾರದಲ್ಲಿ ಸರ್ಕಾರಿ ನೌಕರರಿಗೆ ತೂಕ ಇಳಿಸುವ ಸ್ಪರ್ಧೆ ಇಡೋಣ ಅಂತ ಒಂದು ಸಭೆಯಲ್ಲಿ ತೀರ್ಮಾನವಾಯಿತು. ಮೊದಲ ದಿನ ತೂಕ ನೋಡಿ ಬರೆದುಕೊಳ್ಳುವುದು, ಮೂರು ತಿಂಗಳ ಮೇಲೆ ಮತ್ತೆ ನೋಡುವುದು. ಯಾರದು ಜಾಸ್ತಿ ಇಳಿದಿರುತ್ತೋ ಅವರಿಗೆ ಒಂದು ಸೈಕಲ್ಲು. ನೋಟಿಸು ಹದಿನೈದು ದಿನ ಮೊದಲೇ ಹೊರಟಿತು. ತಪ್ಪಾಗಿದ್ದು ಅಲ್ಲೇ.

ಆ ಹದಿನೈದು ದಿನ ಆಫೀಸಿನಲ್ಲಿ ಹಿಂದೆಂದೂ ಕಾಣದ ಒಗ್ಗಟ್ಟು ಕಂಡೆ. ಮಧ್ಯಾಹ್ನವಾದರೆ ಬಿರಿಯಾನಿ ಪೊಟ್ಟಣ, ನಾಲ್ಕು ಗಂಟೆಗೆ ಬೋಂಡ. ಯಾರದೋ ಹುಟ್ಟುಹಬ್ಬ ಅಂತ ಕೇಕು. ಎಲ್ಲರೂ ಯಾಕೆ ಇಷ್ಟು ಸಂತೋಷವಾಗಿದ್ದಾರೆ ಅಂತ ನನಗೆ ಅರ್ಥವಾಗಲಿಲ್ಲ. ನನಗೂ ಒಂದು ಪೊಟ್ಟಣ ಬರುತ್ತಿದ್ದುದರಿಂದ ಕೇಳಲಿಲ್ಲ. ತೂಕದ ದಿನ ಜನ ಸ್ವೆಟರು ಹಾಕಿಕೊಂಡು ಬಂದರು. ಅದು ಏಪ್ರಿಲ್ ತಿಂಗಳು. ಗುಮಾಸ್ತರೊಬ್ಬರು ಯಂತ್ರದ ಮೇಲೆ ನಿಲ್ಲುವ ಮುಂಚೆ ಒಂದು ಬಾಟಲಿ ನೀರು ಪೂರ್ತಿ ಕುಡಿದು, ಸ್ವಲ್ಪ ತಡೀರಿ ಅಂತ ಹೇಳಿ, ಇನ್ನೊಂದು ಬಾಟಲಿಯನ್ನೂ ಕುಡಿದರು.

ಮೂರು ತಿಂಗಳ ಮೇಲೆ ನೋಡಿದರೆ ಎಲ್ಲರದೂ ಇಳಿದಿತ್ತು. ಅಂದರೆ ನೋಟಿಸಿಗೆ ಮುಂಚೆ ಎಷ್ಟಿದ್ದರೋ ಅಷ್ಟಕ್ಕೇ ವಾಪಸು ಬಂದಿದ್ದರು. ಕಾರ್ಯಕ್ರಮ ಭಾರಿ ಯಶಸ್ವಿ ಅಂತ ವರದಿ ಬರೆದವನು ನಾನೇ. ಗೆದ್ದದ್ದು ಎರಡು ಬಾಟಲಿಯ ಗುಮಾಸ್ತರು. ಸೈಕಲ್ ಕೊಟ್ಟ ಸಾಹೇಬರು, ಇಷ್ಟು ಇಳಿಸಲು ಎಷ್ಟು ಕಷ್ಟಪಟ್ಟಿರಿ, ನಾಲ್ಕು ಮಾತು ಹೇಳಿ ಅಂತ ಮೈಕು ಮುಂದಿಟ್ಟರು. ಗುಮಾಸ್ತರು ಪ್ರಾಮಾಣಿಕ ಮನುಷ್ಯ.

"ಇಳಿಸೋಕೆ ಏನೂ ಕಷ್ಟ ಆಗ್ಲಿಲ್ಲ ಸಾರ್," ಅಂದರು. "ಕಷ್ಟಪಟ್ಟಿದ್ದೆಲ್ಲ ಏರಿಸೋಕೆ."

ವ್ಯಾಯಾಮ ಇಲ್ಲದ ಊರು

ಮುಳಬಾಗಿಲು ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆಯರಿಂದ ಮನೆ ಮನೆ ಸಮೀಕ್ಷೆ ಮಾಡಿಸಿದೆವು. ಫಾರಂನಲ್ಲಿ ಒಂದು ಪ್ರಶ್ನೆ: ನೀವು ವ್ಯಾಯಾಮ ಮಾಡುತ್ತೀರಾ? ಹೌದು ಅಥವಾ ಇಲ್ಲ. ತಾಯಲೂರಿನ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ ಒಬ್ಬರೂ ಬಿಡದಂತೆ ಎಲ್ಲರೂ 'ಇಲ್ಲ' ಅಂದಿದ್ದರು. ತಾಲ್ಲೂಕಿನಲ್ಲೇ ಅತಿ ಸೋಮಾರಿ ಊರು ಅಂತ ಅದರ ಹೆಸರಿಗೆ ಕೆಂಪು ಗೆರೆ ಬಿತ್ತು. ಅಲ್ಲಿ ಹೋಗಿ ಅರಿವು ಮೂಡಿಸಿ ಬನ್ನಿ ಅಂತ ನನ್ನನ್ನೂ ಒಬ್ಬ ಯೋಗ ಮೇಷ್ಟ್ರನ್ನೂ ಜೀಪು ಕೊಟ್ಟು ಕಳಿಸಿದರು.

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಊರು ಖಾಲಿ. ಒಂದು ನಾಯಿ ಇತ್ತು, ಅದೂ ಮಲಗಿತ್ತು. ಯೋಗ ಮೇಷ್ಟ್ರು ಅದನ್ನು ನೋಡಿ, ವರದಿ ಸರಿಯಾಗೇ ಇದೆ ಅಂದರು. ಊರಾಚೆ ಸಿಕ್ಕ ಕುರಿ ಕಾಯುವ ಹುಡುಗನನ್ನು ಕೇಳಿದಾಗ, ಜನರೆಲ್ಲ ಕೆರೆಯ ಕೆಳಗಿನ ಗದ್ದೆಯಲ್ಲಿ ನಾಟಿಗೆ ಬಗ್ಗಿದ್ದು ಗೊತ್ತಾಯಿತು. ಜೀಪು ಅಲ್ಲಿಗೆ ಹೋಗುವುದಿಲ್ಲ. ಬದುವಿನ ಮೇಲೆ ನಡೆದು ಹೋಗುವಷ್ಟರಲ್ಲಿ ನನಗೆ ಏದುಸಿರು ಬಂದು, ಮೇಷ್ಟ್ರು ಎರಡು ಕಡೆ ಕೂತು ಎದ್ದು, ಹೇಗೋ ತಲುಪಿದೆವು. ಬಗ್ಗಿ ಪೈರು ನೆಡುತ್ತಿದ್ದ ಹೆಂಗಸರನ್ನು ನಿಲ್ಲಿಸಿ, ದಿನಕ್ಕೆ ಅರ್ಧ ಗಂಟೆಯಾದರೂ ಮೈ ಬಗ್ಗಿಸಬೇಕು ಅಂತ ನಾನು ಹೇಳಿದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು, ಆದರೆ ಹೇಳಲು ಬಂದ ಮೇಲೆ ಹೇಳಬೇಕಲ್ಲ.

ಅರವತ್ತು ದಾಟಿದ ಒಬ್ಬ ಅವ್ವ ಕೆಸರಿನಿಂದ ಮೇಲೆ ಬಂದು, ಮೊದಲು ನಮ್ಮಿಬ್ಬರಿಗೂ ಕುಡಿಯಲು ಅಂಬಲಿ ಕೊಟ್ಟಳು. ಆಮೇಲೆ ಕೂರಿಸಿ ಸುಧಾರಿಸಿಕೊಳ್ಳಲು ಬಿಟ್ಟಳು. ದಿನವೆಲ್ಲ ಇಷ್ಟು ದುಡಿಯುವವರು ಫಾರಂನಲ್ಲಿ ಇಲ್ಲ ಅಂತ ಯಾಕೆ ಬರೆಸಿದಿರಿ ಅಂತ ಕೇಳಿದೆ.

"ಆಯಮ್ಮ ಕೇಳಿದ್ದು ವ್ಯಾಯಾಮ ಮಾಡ್ತೀರಾ ಅಂತ ಕದಪ್ಪಾ," ಅಂದಳು ಅವ್ವ, ಗಡಿಯ ತೆಲುಗು ಬೆರೆಸಿ. "ಅದೆಲ್ಲ ಕೆಲಸ ಇಲ್ಲದೋರು ಮಾಡೋದು. ನಾವ್ಯಾಕೆ ಸುಳ್ಳು ಹೇಳೋದು ಅಂತ ಇಲ್ಲ ಅಂದ್ವಿ."

ಉಗಿದ ಹಣ್ಣು

ಇದು ಶ್ರೀನಿವಾಸಪುರದ್ದು. ಅಲ್ಲಿನ ಮಾವಿನ ಮಂಡಿಯಲ್ಲಿ ಹಣ್ಣು ಕೊಳ್ಳುವ ಹಿರಿಯ ಸಾಬರೊಬ್ಬರು ನಮ್ಮ ಶಿಬಿರಕ್ಕೆ ಬಂದರು. ಸಕ್ಕರೆ ಕಾಯಿಲೆ ಏರಿ ಕೂತಿತ್ತು, ಕಾಲಿನ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಅಳುವುದೊಂದು ಬಾಕಿ. ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೇ ಎತ್ತಿಟ್ಟಿದ್ದೀನಿ, ಅನ್ನವನ್ನೂ ಬಿಡಿಸಿದ್ದೀನಿ, ಆದರೂ ಇಳಿಯುತ್ತಿಲ್ಲ ಅಂದರು. ಸಾಬರು ತಾವು ಏನೂ ತಿನ್ನುವುದಿಲ್ಲ ಅಂತ ಆಣೆ ಮಾಡಿದರು.

ಮರುದಿನ ನಾನು ಮಂಡಿಗೇ ಹೋಗಿ ನೋಡಿದೆ. ಸಾಬರು ಒಂದೊಂದು ರಾಶಿಯಿಂದ ಒಂದು ಹಣ್ಣು ಕೊಯ್ದು ಬಾಯಿಗೆ ಹಾಕಿಕೊಂಡು ರೇಟು ಹೇಳುತ್ತಿದ್ದರು. ಅಂಥ ರಾಶಿ ದಿನಕ್ಕೆ ನಲವತ್ತು. ಕೇಳಿದರೆ, "ತಿನ್ನಲ್ಲ ಸಾರ್, ರುಚಿ ನೋಡ್ತೀನಿ ಅಷ್ಟೇ" ಅಂದರು. ರುಚಿ ನೋಡಿ ಉಗಿದುಬಿಡಿ ಅಂದೆ. ಮಂಡಿಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ ಅಂತ ಹಿಂಜರಿದರು. ಕಾಲು ಉಳಿಯಬೇಕಾದರೆ ಉಗಿಯಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳಿ ಬಂದೆ.

ಮಾರನೆಯ ದಿನದ ಮೊದಲ ರಾಶಿ ಗೌನಿಪಲ್ಲಿ ಕಡೆಯ ಒಬ್ಬ ರೈತರದು, ಒಳ್ಳೆಯ ಬೇನಿಷಾ ತಳಿಯ ಹಣ್ಣು. ಸಾಬರು ಕೊಯ್ದು, ಬಾಯಿಗೆ ಹಾಕಿ, ಎಲ್ಲರೆದುರಿಗೆ ಉಗಿದರು. ಬೆಲೆ ಕೂಗಲು ಬಂದವರು ಹಿಂದೆ ಸರಿದರು. ಅಷ್ಟು ವರ್ಷದ ಅನುಭವಸ್ಥರೇ ಉಗಿದ ಮೇಲೆ ಬೇರೆ ವ್ಯಾಪಾರಿಗಳು ಆ ರಾಶಿಯ ಹತ್ತಿರ ಯಾಕೆ ಬರುತ್ತಾರೆ? ಸಾಬರು ಗಾಬರಿಯಾಗಿ, ಶುಗರ್ ಇದೆ, ಅದಕ್ಕೇ ಉಗಿದೆ ಅಂತ ವಿವರಿಸಲು ಹೋದರು. ಅದು ಹತ್ತು ಅಂಗಡಿ ದಾಟುವಷ್ಟರಲ್ಲಿ, ರೈತ ಹಣ್ಣಿಗೆ ಸಕ್ಕರೆ ಇಂಜೆಕ್ಷನ್ ಹಾಕಿದ್ದಾನಂತೆ ಅಂತ ಆಯಿತು.

ಮಧ್ಯಾಹ್ನದ ಹೊತ್ತಿಗೆ ಆ ರೈತರು ನನ್ನ ಆಫೀಸಿಗೆ ಬಂದರು. ಜೋರು ಮಾತಾಡಲಿಲ್ಲ. ಹಣ್ಣು ಬಿಸಿಲಲ್ಲಿ ಕೂತಿದೆ, ಇವತ್ತು ಹೋಗದಿದ್ದರೆ ನಾಳೆ ಕೊಳೆಯುತ್ತೆ, ಹೆಸರೂ ಜೊತೆಗೇ ಹೋಗುತ್ತೆ ಅಂದರು. ನಾನು ಬಂದು ಎಲ್ಲರಿಗೂ ತಿಳಿಸಿ ಹೇಳುತ್ತೇನೆ ಅಂದೆ.

"ಮಾತು ವದ್ದು, ಬೇಡ ಸಾರೂ," ಅಂದರು ಅವರು. "ನಿಮ್ಮ ಮಾತಿಂದಾನೇ ಹಿಂಗಾಗಿದ್ದು. ಬಂದು ಎಲ್ಲರ ಮುಂದೆ ತಿಂದು, ನುಂಗಿ ತೋರ್ಸಿ."

ನನಗೂ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಆದರೆ ಆ ಮುಖ ನೋಡಿ ಅದನ್ನು ಹೇಳಲು ಬಾಯಿ ಬರಲಿಲ್ಲ. ಮಂಡಿಯ ನಡುವೆ ನಿಂತು ಒಂದು ಹಣ್ಣು ತಿಂದೆ. ಯಾರೋ, ಮೇಲಿಂದ ಆರಿಸಿ ಕೊಟ್ಟಿದ್ದಾನೆ ಅಂದರು. ತಳದಿಂದ ಒಂದು ತೆಗೆಸಿ ತಿಂದೆ. ಇನ್ನೊಬ್ಬರು, ಆ ಮೂಲೆಯದು ನೋಡಲಿ ಅಂದರು. ಅದನ್ನೂ ತಿಂದೆ. ನಾನು ಬಿದ್ದುಹೋಗದೆ ನಿಂತಿರುವುದನ್ನು ಐದು ನಿಮಿಷ ಎಲ್ಲರೂ ನೋಡಿದರು. ಆಮೇಲೆ ಹರಾಜು ಶುರುವಾಗಿ, ಸಾಬರೇ ಪಟ್ಟು ಹಿಡಿದು ಇಡೀ ದಿನದಲ್ಲೇ ಹೆಚ್ಚಿನ ಬೆಲೆಗೆ ಆ ರಾಶಿ ಕೊಂಡರು. ಮುಂದೆ ರುಚಿ ನೋಡುವ ಕೆಲಸ ತಮ್ಮನಿಗೆ ವಹಿಸಿದರು, ಕಾಲಿನ ಗಾಯವೂ ಮಾಯಿತು. ಆ ಸಂಜೆ ನನ್ನ ರಕ್ತ ಪರೀಕ್ಷೆ ಮಾಡಿದ ನರ್ಸಮ್ಮ ಮಾತ್ರ, ಮಷೀನು ಕೆಟ್ಟಿರಬೇಕು ಅಂತ ಇನ್ನೊಂದು ತರಲು ಹೋದರು.

ಮಾರನೆಯ ದಿನ ಬೆಳಿಗ್ಗೆ ಆಫೀಸಿಗೆ ಹೋದರೆ ಬಾಗಿಲಲ್ಲಿ ಏಳು ಜನ ರೈತರು ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಒಬ್ಬರು ಹಣ್ಣನ್ನು ಕೊಯ್ದೇ ಇಟ್ಟಿದ್ದರು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತು ಕೈ ಮುಗಿದರು.

"ನಮ್ದೂ ಸ್ವಲ್ಪ ನುಂಗಿ ಸಾರ್," ಅಂದರು.

ಸರ್ಕಾರಿ ನೌಕರರು ನುಂಗುತ್ತಾರೆ ಅಂತ ಜನ ಬೈಯುವುದನ್ನು ಇಪ್ಪತ್ತಾರು ವರ್ಷ ಕೇಳಿದ್ದೇನೆ. ನುಂಗಿ ಅಂತ ಸಾಲಾಗಿ ನಿಂತು ಕೈ ಮುಗಿದದ್ದು ಅದೊಂದೇ ದಿನ.