ಹೆಣ್ಣು ನೋಡಲು ಹೋಗಿ ಸಿಪಿಯು ಬಿಚ್ಚಿದ್ದು

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಊರುಗಳಲ್ಲಿ ಎಲ್ಲೇ ಕಂಪ್ಯೂಟರ್ ಮುನಿಸಿಕೊಂಡರೂ ಜನಕ್ಕೆ ಮೊದಲು ನೆನಪಾಗುತ್ತಿದ್ದವನು ನಾನು. ಜಂಬಕ್ಕೆ ಹೇಳುತ್ತಿಲ್ಲ. ಆಗ ನೆನಪು ಮಾಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ!

ಫ್ಲಾಪಿ ಇನ್ನೂ ಬದುಕಿದ್ದ ಕಾಲ. ಇಂಟರ್‌ನೆಟ್ ಬೇಕೆಂದರೆ ಫೋನಿನ ವೈರು ಸಿಕ್ಕಿಸಿ, ಕೀಂಯ್ ಎಂಬ ಸದ್ದು ಕೇಳುತ್ತಾ ದೇವರ ಮೇಲೆ ಭಾರ ಹಾಕಬೇಕಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸರ್ವಿಸ್ ಅಂಗಡಿ. ರಾಮಾಪುರದ ಗೊಬ್ಬರದಂಗಡಿಯ ಪ್ರಿಂಟರಿನಿಂದ ಜೀವಂತ ಹಲ್ಲಿಯನ್ನು ಹೊರಗೆ ತೆಗೆದ ಕೀರ್ತಿ ನನ್ನದು. ಹನೂರಿನ ವ್ಯಾಪಾರಿಯೊಬ್ಬರ ಇಂಟರ್‌ನೆಟ್ ಪದೇ ಪದೇ ಕಡಿದುಹೋಗುವುದು ಅವರ ಹೆಂಡತಿ ಒಳಮನೆಯಲ್ಲಿ ಫೋನ್ ಎತ್ತುವುದರಿಂದ ಎಂದು ಪತ್ತೆಹಚ್ಚಿದವನೂ ನಾನೇ. ಇಂಟರ್‌ನೆಟ್ ಸರಿಹೋಯಿತು. ಗಂಡ ಹೆಂಡತಿಯ ಮಾತು ಕಡಿದುಹೋಯಿತು.

ನನಗೊಂದು ಕಾಯಿಲೆಯಿತ್ತು. ಯಾವುದಾದರೂ ಯಂತ್ರ ಕೆಟ್ಟಿದೆ ಎಂದರೆ ಸಾಕು, ಯಾಕೆ ಕೆಟ್ಟಿತು ಎಂದು ತಿಳಿಯುವವರೆಗೆ ಅನ್ನ ರುಚಿಸುತ್ತಿರಲಿಲ್ಲ. ಈ ಕಾಯಿಲೆಯ ಜೊತೆ ಮದುವೆಯ ವಯಸ್ಸೂ ಸೇರಿಕೊಂಡಾಗ ಏನಾಗುತ್ತದೆ ಎನ್ನುವುದೇ ಈ ಕಥೆ.

ಒಂದು ಬೆಳಿಗ್ಗೆ ನನ್ನ ಸೋದರಮಾವ ಪುಟ್ಟಸ್ವಾಮಿ ಮುಳ್ಳೂರಿನಿಂದ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತು, ಟೀ ತರಿಸಿಕೊಂಡು ಹೇಳಿದ:

"ಲೇ ಮಾದೇಶ, ಯಳಂದೂರಲ್ಲಿ ಒಂದು ಎಣ್ಣು ಐತೆ ಕಣ್ಲಾ. ರಿಟೈರ್ ಆದ ಮೇಷ್ಟ್ರ ಮಗಳು. ಶೈಲಜಾ ಅಂತ ಎಸರು. ಬಿ.ಎ. ಓದವ್ಳೆ. ಮೇಷ್ಟ್ರು ಮನೇಲೇ ಕಂಪ್ಯೂಟರ್ ಮಡಿಕಂಡು ಊರೋರ್ಗೆಲ್ಲ ಜಾತಕ ಬರ್ಕೊಡ್ತಾರೆ. ನಿಂದೂ ಅವಳ್ದೂ ಅದ್ರಲ್ಲೇ ಆಕಿ ನೋಡವ್ರೆ. ಚೆನ್ನಾಗಿ ಕೂಡ್ತದಂತೆ."

"ಸಂತೋಷ ಮಾವ."

"ಆದ್ರೆ ಆ ಕಂಪ್ಯೂಟರು ಈಗೀಗ ಇದ್ದಕ್ಕಿದ್ದಂಗೆ ಆರೋಗ್ತದಂತೆ. ಅದ್ಯಾಕೋ ಗೊತ್ತಿಲ್ಲ ಅಂತಿದ್ರು."

ನನ್ನ ಕಿವಿ ನೆಟ್ಟಗಾಯಿತು.

"ಯಾವಾಗ ಆರಿಹೋಗುತ್ತೆ ಮಾವ? ಆನ್ ಮಾಡಿದ ತಕ್ಷಣವಾ, ಬಿಸಿಯಾದ ಮೇಲಾ? ಮತ್ತೆ ತಾನಾಗೇ ಶುರುವಾಗುತ್ತಾ?"

ಮಾವ ಟೀ ಲೋಟ ಕೆಳಗಿಟ್ಟ. "ಎಣ್ಣು ಎಂಗವ್ಳೆ ಅಂತ ಕೇಳ್ಲಾ, ಮುಂಡೇದೆ!"

ಭಾನುವಾರ ನಾನು, ಅವ್ವ, ಮಾವ ಮೂವರೂ ಹೊರಟೆವು. ಹೊರಡುವ ಮುಂಚೆ ಅವ್ವ ಬಾಗಿಲಲ್ಲೇ ನಿಂತು ನನ್ನ ಜೇಬುಗಳನ್ನು ಮುಟ್ಟಿ ನೋಡಿದಳು.

"ಸ್ಕ್ರೂ ಡ್ರೈವರ್ ತಕಂಡಿಲ್ಲ ತಾನೆ?"

"ಇಲ್ಲವ್ವ."

"ಇವತ್ತು ನೀನು ಗಂಡು. ರಿಪೇರಿಯವ್ನಲ್ಲ. ತಿಳೀತಾ?"

"ತಿಳೀತವ್ವ."

ಸ್ಕ್ರೂ ಡ್ರೈವರ್ ಕಾಲುಚೀಲದೊಳಗಿತ್ತು. ಸಿಸ್ಟಮ್ ಲೋಡ್ ಮಾಡುವ ಸಿ.ಡಿ. ಹೊಸ ಅಂಗಿಯ ಒಳಗೆ ಬೆನ್ನಿಗಂಟಿತ್ತು. ಬಸ್ಸಿನಲ್ಲಿ ನಾನು ಅಷ್ಟು ನೆಟ್ಟಗೆ ಕೂತಿದ್ದನ್ನು ನೋಡಿ ಮಾವ, "ನೋಡಕ್ಕಾ, ಈಗ್ಲೇ ಗಾಂಭೀರ್ಯ ಬಂದ್ಬುಟ್ಟದೆ" ಎಂದ.

ಮೇಷ್ಟ್ರ ಮನೆ ಹಳೆಯ ಹೆಂಚಿನ ಮನೆ. ನಡುಮನೆಯಲ್ಲಿ ಚಾಪೆ ಹಾಸಿದ್ದರು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು. ಮಾನಿಟರಿನ ಹಣೆಗೆ ಕುಂಕುಮ, ಮೈಗೆ ಹೂವಿನ ಕಸೂತಿಯ ಬಟ್ಟೆ. ನನ್ನ ಕಣ್ಣಿಗೆ ಆ ಮನೆಯಲ್ಲಿ ಮದುವಣಗಿತ್ತಿಯಂತೆ ಕಂಡದ್ದು ಅದೊಂದೇ.

ಕುಶಲೋಪರಿ ಮುಗಿಯಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಹಳ ಸಂಕೋಚದಿಂದ ಹೇಳಿದರು: "ಮಗಳು ಸಿದ್ಧವಾಗ್ತಿದ್ದಾಳೆ. ಅಲ್ಲೀವರೆಗೂ, ತಪ್ಪು ತಿಳ್ಕೋಬೇಡಪ್ಪ, ಇದನ್ನು ಒಂದು ಸಲ ಕಣ್ಣಲ್ಲಿ ನೋಡಿ ಹೇಳ್ತೀಯಾ?"

ಅವ್ವ ನನ್ನನ್ನು ನೋಡಿದಳು. ಆ ನೋಟದಲ್ಲಿ ಇಡೀ ಬಸ್ ಪ್ರಯಾಣದ ಬುದ್ಧಿವಾದ ಇತ್ತು.

"ಬರೀ ಕಣ್ಣಲ್ಲಿ ನೋಡ್ತೀನವ್ವ" ಎಂದು ಎದ್ದೆ. ನೋಡಿದೆ. ಆನ್ ಮಾಡಿದೆ. ಚೆನ್ನಾಗಿಯೇ ಓಡಿತು. ಪರದೆಯ ಮೇಲೆ ಯಾರದೋ ಜನ್ಮಕುಂಡಲಿ ಮೂಡಿತು. ಇನ್ನೇನು ಹಿಂದಿರುಗಬೇಕು, ಟಪ್ ಎಂದು ಆರಿಹೋಯಿತು!

ಕಾಲುಚೀಲದಿಂದ ಸ್ಕ್ರೂ ಡ್ರೈವರ್ ಯಾವಾಗ ಕೈಗೆ ಬಂತೋ ನನಗೇ ಗೊತ್ತಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡದ್ದು ಮಾತ್ರ ನೆನಪಿದೆ.

ಮೇಜಿನ ಕೆಳಗಿದ್ದ ಸಿಪಿಯು ಬಿಚ್ಚಿದೆ. ಒಳಗೆ ಇಡೀ ಯಳಂದೂರಿನ ಧೂಳು. "ಬಿಸಿಗೆ ಆಫ್ ಆಗ್ತಿದೆ ಸಾರ್, ಧೂಳೇ ಕಾರಣ" ಎಂದು ತಜ್ಞನ ದನಿಯಲ್ಲಿ ಘೋಷಿಸಿ, ಎದೆ ತುಂಬ ಉಸಿರು ತೆಗೆದುಕೊಂಡು ಊದಿದೆ. ಆ ಧೂಳು ನೇರವಾಗಿ ಮಾವನ ಬಿಳಿ ಪಂಚೆಯ ಮೇಲೂ, ಅವನ ಕೈಯಲ್ಲಿದ್ದ ಕೇಸರಿಬಾತಿನ ಮೇಲೂ ಶಾಂತವಾಗಿ ಇಳಿಯಿತು. ಮಾವ ಮೂರು ಸಲ ಸೀನಿದ. ಮೇಷ್ಟ್ರು "ಶುಭ, ಶುಭ" ಎಂದರು. ಒಂಟಿ ಸೀನಾಗಿದ್ದರೆ ಸಂಬಂಧ ಅಲ್ಲೇ ಮುಗಿಯುತ್ತಿತ್ತೇನೋ.

ಧೂಳು ತೆಗೆದು ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಟಪ್!

ಈಗ ನನಗೆ ಜಗತ್ತು ಮರೆತುಹೋಯಿತು. ಮೇಜಿನ ಕೆಳಗೆ ತೂರಿದೆ. ಅಲ್ಲಿ ಕತ್ತಲು. "ಯಾರಾದ್ರೂ ಸ್ವಲ್ಪ ಟಾರ್ಚ್ ಹಿಡೀರಿ" ಎಂದು ಕೂಗಿದೆ. ನಡುಮನೆ ಯಾಕೋ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಬಳೆಗಳ ಸದ್ದಾಯಿತು. ಲೋಟಗಳ ತಟ್ಟೆ ಎಲ್ಲೋ ಕೆಳಗಿಟ್ಟ ಸದ್ದಾಯಿತು. ಬೆಳಕು ಬಂತು.

"ಇನ್ನೂ ಎಡಕ್ಕೆ" ಎಂದೆ.

"ಹೀಗಾ?" ಒಂದು ಹೆಣ್ಣುದನಿ.

"ಹಾಂ, ಹಾಗೇ ಇರಲಿ. ಅಲ್ಲಾಡಿಸಬೇಡಿ."

"ಆ ಹಸಿರು ಪಟ್ಟಿ ಏನು?"

"ಅದು ರ್‍ಯಾಮು. ಈಗ ನಡೀತಿರೋದನ್ನ ಮಾತ್ರ ನೆನಪಿಟ್ಕೊಳ್ಳುತ್ತೆ. ಕರೆಂಟ್ ಹೋದ್ರೆ ಎಲ್ಲಾ ಮರೆತುಬಿಡುತ್ತೆ."

"ಮತ್ತೆ ಜಾತಕ ಎಲ್ಲ ಎಲ್ಲಿರುತ್ತೆ?"

"ಹಾರ್ಡ್ ಡಿಸ್ಕಲ್ಲಿ. ಅಗೋ, ಆ ಕಬ್ಬಿಣದ ಡಬ್ಬಿ."

"ಅದರೊಳಗೆ ಏನಿದೆ?"

ಪ್ರಶ್ನೆ ಎಂದರೆ ಇಂಥ ಪ್ರಶ್ನೆ! ಇಷ್ಟು ವರ್ಷದ ಸರ್ವಿಸಿನಲ್ಲಿ ಯಾವ ಗಿರಾಕಿಯೂ ನನ್ನನ್ನು ಅದರೊಳಗೆ ಏನಿದೆ ಎಂದು ಕೇಳಿರಲಿಲ್ಲ. ಯಾವಾಗ ರೆಡಿಯಾಗುತ್ತೆ ಎಂದಷ್ಟೇ ಕೇಳುತ್ತಿದ್ದರು. ನಾನು ಉತ್ಸಾಹದಿಂದ ತಟ್ಟೆ ತಿರುಗುವ ಬಗೆ, ಅದರ ಮೇಲೆ ಸೂಜಿ ಓಡಾಡುವ ಬಗೆ ಎಲ್ಲ ವಿವರಿಸಿದೆ. ಮಾತಾಡಿದ್ದೆಲ್ಲ ರ್‍ಯಾಮಿನ ಕಡೆ ಮುಖ ಮಾಡಿಕೊಂಡು. ಅವ್ವ ಕೆಮ್ಮಿದಳು. ಮಾವ ಕೆಮ್ಮಿದ. ಧೂಳಿಗೆ ಕೆಮ್ಮುತ್ತಿದ್ದಾರೆ ಎಂದುಕೊಂಡೆ.

ಹೊರಗೆ ಬಂದು ಅಂತಿಮ ತೀರ್ಪು ಕೊಟ್ಟೆ: "ವೈರಸ್! ಫಾರ್ಮ್ಯಾಟ್ ಮಾಡಿ ಹೊಸದಾಗಿ ಸಿಸ್ಟಮ್ ಲೋಡ್ ಮಾಡಬೇಕು. ಮಾಡ್ಲಾ ಸಾರ್?"

ಮೇಷ್ಟ್ರು ಮಾವನ ಜೊತೆ ಛತ್ರದ ವಿಷಯ ಮಾತಾಡುತ್ತಿದ್ದರು. "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡಪ್ಪ. ಇನ್ನು ನೀನೇನು ಹೊರಗಿನವನಾ?" ಎಂದರು.

ಇಂಥ ಮಾತಿಗೆ ಬೇರೆ ಗಂಡುಗಳು ನಾಚಿಕೊಳ್ಳುತ್ತಾರೆ. ನಾನು ಫಾರ್ಮ್ಯಾಟ್ ಮಾಡಿದೆ.

ಬೆನ್ನಿನಿಂದ ಸಿ.ಡಿ. ಹೊರಬಂದಾಗ ಅವ್ವ "ಅಯ್ಯೋ ಶಿವನೇ" ಎಂದಳು. ಲೋಡಿಂಗ್ ಶುರುವಾಯಿತು. ಪರದೆಯ ಮೇಲೆ ನೀಲಿ ಪಟ್ಟಿ ಅರ್ಧ ತುಂಬಿತು. ಟಪ್! ಮತ್ತೆ ಮೊದಲಿಂದ. ಮುಕ್ಕಾಲು ತುಂಬಿತು. ಟಪ್! ನಾನು ಬೆವೆತೆ. ಮಾವ ಪಂಚಾಂಗ ನೋಡಿದವನಂತೆ ಗಡಿಯಾರ ನೋಡಿ, "ನಾಲ್ಕೂವರೆಗೆ ರಾಹುಕಾಲ ಸುರುವಾಯ್ತದೆ, ಅಷ್ಟ್ರೊಳಗೆ ಏಳ್ಬೇಕು ಕಣ್ಲಾ" ಎಂದ. ಒಳಗಿನಿಂದ ಸಾರಿನ ಘಮ ಬರುತ್ತಿತ್ತು. ಯಾರೂ ಊಟಕ್ಕೆ ಏಳುವಂತಿರಲಿಲ್ಲ. ಅಳಿಯನಾಗುವವನು ನೆಲದ ಮೇಲೆ ಬೋರ್ಡು ಹರಡಿಕೊಂಡು ಕೂತಿದ್ದ.

ಆಗ ಟಾರ್ಚಿನ ದನಿ ಮೆಲ್ಲಗೆ ಹೇಳಿತು: "ಒಂದು ಮಾತು. ಚಟ್ನಿ ರುಬ್ಬುವಾಗ ಹೋಯ್ತು. ಈಗ ಅಮ್ಮ ಸಾರಿಗೆ ಕಾಯಿ ರುಬ್ಬಿದ್ರು, ಈಗಲೂ ಹೋಯ್ತು."

ನಾನು ಬಿಚ್ಚಿದ್ದ ಬೋರ್ಡನ್ನು ಮತ್ತೆ ಸಿಕ್ಕಿಸಿದೆ. "ನಿಜವಾಗ್ಲೂ?"

"ಇನ್ನೊಂದು ಸಲ ನೋಡೋಣ್ವಾ?"

ಆಕೆ ಅಡುಗೆಮನೆಗೆ ಓಡಿದಳು. ನಾನು ಕಂಪ್ಯೂಟರಿನ ಮುಂದೆ ನಿಂತೆ.

"ಹಾಕ್ಲಾ?" ಒಳಗಿನಿಂದ ಕೂಗು.

"ಹಾಕಿ!"

ಗುರ್ರ್ ಎಂದಿತು ಮಿಕ್ಸಿ. ಟಪ್ ಎಂದಿತು ಕಂಪ್ಯೂಟರು.

"ಹೋಯ್ತು!" ನಾನು ಕುಣಿದೆ. "ನಿಲ್ಸಿ! ಇರಿ, ಆನ್ ಮಾಡ್ತೀನಿ. ಹಾಂ, ಹಾಕಿ!"

"ಹೋಯ್ತಾ?"

"ಹೋಯ್ತು! ಹೋಯ್ತು!"

ಇಬ್ಬರಿಗೂ ಸಾಲದಾಯಿತು. ಬರಿ ಜಾರು ಹಾಕಿ ನೋಡಿದೆವು. ಕಾಯಿ ತುಂಬಿ ನೋಡಿದೆವು. ಬರಿ ಜಾರಿಗೆ ಕಂಪ್ಯೂಟರು ತಡೆದುಕೊಳ್ಳುತ್ತಿತ್ತು, ಕಾಯಿ ಬಿದ್ದರೆ ಪ್ರಾಣ ಬಿಡುತ್ತಿತ್ತು. ಮೂರು ತೆಂಗಿನಕಾಯಿ ವಿಜ್ಞಾನಕ್ಕೆ ಬಲಿಯಾದವು. ಹೆಣ್ಣಿನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಪ್ಲಗ್ ಇಲ್ಲದ್ದರಿಂದ ಮಿಕ್ಸಿಯ ವೈರು ಗೋಡೆಯ ತೂತಿನೊಳಗೆ ತೂರಿ ಬಂದು, ಕಂಪ್ಯೂಟರಿದ್ದ ಸ್ವಿಚ್ ಬೋರ್ಡಿಗೇ ಸೇರಿತ್ತು. ಆ ಬೋರ್ಡಿನ ಒಂದು ವೈರು ಸಡಿಲ. ಮಿಕ್ಸಿ ಎಳೆದುಕೊಂಡ ಕೂಡಲೇ ಕಂಪ್ಯೂಟರಿಗೆ ಕರೆಂಟ್ ಸಾಲುತ್ತಿರಲಿಲ್ಲ. ಅಷ್ಟೇ!

ವೈರು ಬಿಗಿ ಮಾಡಿದೆ. ಮಿಕ್ಸಿಯನ್ನು ಬೇರೆ ಕಡೆಗೆ ಸಾಗಿಸಿದೆ. ಸಿಸ್ಟಮ್ ಲೋಡಾಯಿತು. ಎಲ್ಲರೂ ನೆಮ್ಮದಿಯಿಂದ ಊಟ ಮಾಡಿದರು. ಊಟದಲ್ಲಿ ಕಾಯಿಚಟ್ನಿ ಸ್ವಲ್ಪ ಹೆಚ್ಚೇ ಇತ್ತು.

ಎಲೆಯಡಿಕೆ ಮೆಲ್ಲುತ್ತಾ ಮೇಷ್ಟ್ರು ತೃಪ್ತಿಯಿಂದ ಎದ್ದರು. "ತಾಯಿಯವರು ಬಂದಿದ್ದಾರೆ. ಇಬ್ಬರ ಜಾತಕ ಎಷ್ಟು ಚೆನ್ನಾಗಿ ಕೂಡಿದೆ ಅಂತ ಪ್ರಿಂಟ್ ತೆಗೆದು ಕೊಡ್ತೀನಿ" ಎಂದು ಕಂಪ್ಯೂಟರಿನ ಮುಂದೆ ಕೂತರು.

ಕೂತವರು ಹುಡುಕಿದರು. ಹುಡುಕುತ್ತಲೇ ಇದ್ದರು.

"ಇಲ್ಲಿದ್ದ ಜಾತಕಗಳೆಲ್ಲಿ?"

"ಸಾರ್... ಫಾರ್ಮ್ಯಾಟ್ ಅಂದ್ನಲ್ಲ..."

"ಹಾಗಂದ್ರೆ ಸ್ವಚ್ಛ ಮಾಡೋದಲ್ವಾ?"

"ಹೌದು ಸಾರ್. ಪೂರ್ತಿ ಸ್ವಚ್ಛ."

ಅಷ್ಟು ವರ್ಷ ಆ ಮನುಷ್ಯ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಕೂಡಿಟ್ಟಿದ್ದ ಸೀಮೆಯ ಜನರ ಗ್ರಹಗತಿಯೆಲ್ಲ ಒಂದು ಮಧ್ಯಾಹ್ನಕ್ಕೆ ಮಾಯ. ಶನಿಕಾಟದವರಿಗೂ ಬಿಡುಗಡೆ, ಗುರುಬಲದವರಿಗೂ ಬಿಡುಗಡೆ! ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಖಾಲಿ ಪರದೆಯನ್ನೇ ನೋಡುತ್ತಾ ಕೂತರು. "ಮತ್ತೆ ನಾನೇ ಕೂತು ಟೈಪ್ ಮಾಡ್ಕೊಡ್ತೀನಿ ಸಾರ್" ಎಂದೆ. ಅವರು ತಲೆಯಾಡಿಸಿದರು, ಹೂಂ ಎಂದೋ ಊಹೂಂ ಎಂದೋ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಅವ್ವ ಸ್ಕ್ರೂ ಡ್ರೈವರ್ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೇಳಿದಳು: "ಓಗ್ಲಿ ಬುಡು. ಎಣ್ಣು ನಿಂಗೆ ಒಪ್ಪಿಗೇನಾ?"

"ಒಪ್ಪಿಗೆ ಅವ್ವ. ಎಂಥ ಪ್ರಶ್ನೆ ಕೇಳ್ತಾಳೆ ಗೊತ್ತಾ!"

"ನೋಡಕ್ಕೆ ಎಂಗವ್ಳೆ?"

ನಾನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಟಾರ್ಚ್ ಹಿಡಿದ ಕೈ ನೆನಪಿತ್ತು. ಹಸಿರು ಬಳೆ ನೆನಪಿತ್ತು. ಅದರಿಂದ ಮೇಲಕ್ಕೆ ಏನೂ ಇರಲಿಲ್ಲ.

"ಚೆನ್ನಾಗವ್ಳೆ" ಎಂದೆ.

ಅವ್ವ ಕಿಟಕಿಯ ಕಡೆ ತಿರುಗಿದಳು.

ಮುಂದಿನ ವಾರ ಮಾವ ಯಳಂದೂರಿಗೆ ಹೋಗಿ ಉತ್ತರ ತಂದ. ನಾನು ಅಂಗಡಿಯಲ್ಲಿ ಅವನಿಗೆ ಸ್ಟೂಲು ಕೊಟ್ಟು, ಟೀ ಕೊಟ್ಟು, ಎದುರಿಗೆ ನಿಂತೆ.

"ಉಡುಗಿಗೆ ಬಾಳ ಇಷ್ಟ ಆಗೈತಂತೆ" ಎಂದ.

ನನ್ನ ಮುಖ ಅರಳಿತು. "ನಾನಾ?"

"ಕಂಪ್ಯೂಟರ್ ಕೆಲ್ಸ ಕಣ್ಲಾ! ಈಗ್ಲೇ ಮದ್ವೆ ಬ್ಯಾಡ, ಮೈಸೂರಲ್ಲಿ ಕೋರ್ಸ್ ಸೇರ್ತೀನಿ ಅಂತ ಅಟ ಇಡ್ದವ್ಳಂತೆ."

"ಮತ್ತೆ ಮೇಷ್ಟ್ರು?"

"ಉಡುಗ ಒಳ್ಳೇವ್ನು, ತಿಂಗಳಿಗೊಂದ್ಸಲ ಮನೆಗೆ ಬಂದು ನೋಡ್ಕಂಡು ಓಗ್ಲಿ ಅಂದ್ರು."

"ಯಾರನ್ನ?"

"ಕಂಪ್ಯೂಟರನ್ನ!"

ಹೋದೆ. ತಲೆ ಬಾಚಿಕೊಂಡೇ ಹೋದೆ. ಹೋದಾಗಲೆಲ್ಲ ಕೂತು ಒಂದಿಷ್ಟು ಜಾತಕ ಟೈಪ್ ಮಾಡಿಕೊಟ್ಟೆ. ಮಗಳು ಮೈಸೂರಿನಲ್ಲಿದ್ದಳು. ಒಮ್ಮೆ ಮೇಷ್ಟ್ರು ನನಗೆ ಟೀ ಕೊಟ್ಟು, ಪಕ್ಕದಲ್ಲಿ ಕೂತು, ಮನೆಯ ಮಗನಿಗೆ ಹೇಳುವಂತೆ ಹೇಳಿದರು:

"ಶೈಲಜಾ ಕೋರ್ಸ್ ಮುಗೀತಾ ಬಂತಪ್ಪ. ನೀನು ನಾಲ್ಕೂರು ಓಡಾಡ್ತೀಯ. ಎಲ್ಲಾದ್ರೂ ಒಳ್ಳೇ ಗಂಡಿದ್ರೆ ಹೇಳು. ಕಂಪ್ಯೂಟರ್ ಗೊತ್ತಿರೋನಾಗಿರ್ಲಿ ಅಂತಾಳೆ."

ನಾನು ಟೀ ನುಂಗಿದೆ.

"ಆದ್ರೆ," ಮೇಷ್ಟ್ರು ದನಿ ತಗ್ಗಿಸಿದರು, "ಸ್ವಲ್ಪ ಮುಖ ನೋಡಿ ಮಾತಾಡೋನು ಬೇಕು."

"ನೋಡ್ತೀನಿ ಸಾರ್" ಎಂದೆ. ಹಾಗನ್ನುವಾಗಲೂ ನಾನು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ. ಪ್ರಿಂಟರಿನ ಹಿಂದೆ ಅರ್ಧ ಬಿಚ್ಚಿಕೊಂಡಿದ್ದ ಒಂದು ಕೇಬಲ್ಲನ್ನು.