ಒಂದು ಬೆರಳು ಕಡಿಮೆ

ಮಕ್ಕಳ ವರ್ಷ ಚೆನ್ನಾಗಿ ಶುರುವಾಗಲಿ ಎಂದು ನಾವು ಟೀಚರುಗಳು ಬೇಸಿಗೆ ರಜೆಯಲ್ಲೇ ಎಲ್ಲ ತಯಾರಿ ಮಾಡಿಟ್ಟಿರುತ್ತೇವೆ. ಆಮೇಲೆ ಮಕ್ಕಳ ಜೊತೆ ದೊಡ್ಡವರೂ ಬಂದುಬಿಡುತ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ನಮ್ಮ ಶಾಲೆಯೂ ಹೊಸದು. ಒಂದನೇ ಕ್ಲಾಸು ನನ್ನದು.

೧. ಗೇಟಿನಾಚೆ

ಆ ವರ್ಷ ಶಾಲೆ ತೆರೆದದ್ದು ಶುಕ್ರವಾರ, ಹತ್ತೂವರೆಗೆ. ಶುಕ್ರವಾರ ರಾಹುಕಾಲವೂ ಹತ್ತೂವರೆಗೇ ತೆರೆಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಗಂಟೆ ಹೊಡೆದರೂ ಯಾರೂ ಒಳಗೆ ಬರಲೊಲ್ಲರು. ಹೊಸ ಸ್ಲೇಟು ಹಿಡಿದ ಮಕ್ಕಳು, ಆ ಮಕ್ಕಳ ರಟ್ಟೆ ಹಿಡಿದ ಅಪ್ಪಂದಿರು, ಗೇಟಿನಾಚೆ ಸಾಲಾಗಿ ನಿಂತರು. "ಹನ್ನೆರಡು ಹೊಡೀಲಿ ಮೇಡಂ" ಎಂದರು.

ಒಳಗೆ ಬಂದವಳು ಪುಟ್ಟೇನಹಳ್ಳಿಯಿಂದ ಮೊಮ್ಮಗಳನ್ನು ನಡೆಸಿಕೊಂಡು ಬಂದ ಅಜ್ಜಿ ಒಬ್ಬಳೇ.

"ರಾಹುಕಾಲ ಪರವಾಗಿಲ್ವಾ ಅಜ್ಜಿ?" ಎಂದೆ.

"ಎಮ್ಮೆ ಕಟ್ಟಾಕಿ ಬಂದಿವ್ನಿ ಕಣವ್ವ. ಅದಕ್ಕೆ ರಾಹೂನೂ ಗೊತ್ತಿಲ್ಲ, ಕೇತೂನೂ ಗೊತ್ತಿಲ್ಲ."

ನಮ್ಮ ಹೆಡ್‌ಮಿಸ್ಟ್ರೆಸ್ ಗೇಟಿಗೆ ಹೋಗಿ, ವಿದ್ಯೆಗೆ ಯಾವ ಕಾಲವಾದರೇನು, ಇದೆಲ್ಲ ಮೂಢನಂಬಿಕೆ ಎಂದು ದೊಡ್ಡ ಭಾಷಣ ಮಾಡಿ ಬಂದರು.

"ದಾಖಲಾತಿ ಪುಸ್ತಕ ತೆಗೀಲಾ ಮೇಡಂ?" ಎಂದೆ.

"ಧಾರಾಳವಾಗಿ ತೆಗೀರಿ. ನಾನು ಹತ್ತೂಕಾಲಿಗೇ ಶ್ರೀಕಾರ ಹಾಕಿಟ್ಟಿದೀನಿ."

೨. ಹುಟ್ಟಿದ ತಾರೀಖು

ಅಜ್ಜಿ ನನ್ನ ಮೇಜಿನ ಮುಂದೆ ನೆಲದ ಮೇಲೇ ಕೂತಳು. "ಈ ವರ್ಸ ಸೇರಿಸ್ಕೊಳ್ಳಿಲ್ಲ ಅಂದ್ರೆ ಇವ್ಳಪ್ಪ ಎಮ್ಮೆ ಕಾಯಕ್ಕೆ ಹಾಕ್ತಾನೆ. ಒಂದ್ಸಲ ಹಾಕುದ್ರೆ ಮುಗೀತು. ಅವನು ಬಿಟ್ರೂ ಎಮ್ಮೆ ಬಿಡಾಕಿಲ್ಲ."

ಹುಡುಗಿ ಸ್ಲೇಟನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಯಾವಾಗ ಹುಟ್ಟಿದ್ದು ಇವಳು?"

"ನಮ್ಮೆಮ್ಮೆ ಎರಡನೇ ಕರು ಹಾಕಿದ ವಾರ."

"ಎಮ್ಮೆ ಕರು ಹಾಕಿದ್ದು ಯಾವಾಗ?"

"ಇವ್ಳು ಹುಟ್ಟಿದ ವಾರ."

ಲೆಕ್ಕ ತಾಳೆಯಾಯಿತು. ತಾರೀಖು ಮಾತ್ರ ಸಿಗಲಿಲ್ಲ. ಅಂಥವರಿಗೆಲ್ಲ ನಾವು ಜೂನ್ ಒಂದು ಎಂದು ಬರೆಯುತ್ತಿದ್ದೆವು. ನನ್ನ ಕ್ಲಾಸಿನ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು, ನನ್ನ ಕೈಬರಹದಲ್ಲಿ.

೩. ಕಿವಿ

ದಿನವನ್ನು ನಾನು ಬರೆಯಬಹುದು, ವಯಸ್ಸನ್ನು ಹೆಡ್‌ಮಿಸ್ಟ್ರೆಸ್ಸೇ ಒಪ್ಪಬೇಕು. ಅದಕ್ಕೊಂದು ಪರೀಕ್ಷೆ ಇತ್ತು. ಬಲಗೈಯನ್ನು ನಡುನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ, ಇಲ್ಲವಾದರೆ ಮುಂದಿನ ವರ್ಷಕ್ಕೆ.

ಹುಡುಗಿ ಕೈ ಬಳಸಿದಳು. ಒಂದು ಬೆರಳು ಕಡಿಮೆ ಬಿತ್ತು. ಕತ್ತು ವಾಲಿಸಿದಳು, ಮುಟ್ಟಿತು.

"ಕತ್ತು ವಾಲಿಸಬಾರದು" ಎಂದರು ಹೆಡ್‌ಮಿಸ್ಟ್ರೆಸ್.

ಹುಡುಗಿಯ ತುಟಿ ಅದುರಿತು. ಅಜ್ಜಿ ಸೆರಗು ಬಾಯಿಗಿಟ್ಟಳು. ನಾನು, "ಮೇಡಂ, ಒಂದೇ ಬೆರಳು…" ಎಂದೆ.

"ನಿಯಮ ಅಂದ್ರೆ ನಿಯಮ ಕಣ್ರೀ. ಮಗು, ಇಲ್ನೋಡು. ನೆಟ್ಟಗೆ ನಿಂತು, ಹೀಗೆ."

ಹೆಡ್‌ಮಿಸ್ಟ್ರೆಸ್ ತುಂಬಿದ ಮೈಯವರು. ಶಾಲೆ ತೆರೆಯುವ ದಿನವೆಂದು ಹೊಸ ರವಿಕೆ ತೊಟ್ಟಿದ್ದರು. ನೆಟ್ಟಗೆ ನಿಂತು ಬಲಗೈ ಎತ್ತಿ ನೆತ್ತಿಯ ಮೇಲೆ ತಂದರು. ಬೆರಳು ಎಡಗಿವಿಗೆ ನಾಲ್ಕು ಬೆರಳು ಮೇಲೆಯೇ ನಿಂತಿತು. ಇನ್ನೊಂದಿಷ್ಟು ಎಳೆದರು. ಕಂಕುಳಲ್ಲಿ ಪರ್ರೆಂದಿತು.



ಅಜ್ಜಿ ಮೊಮ್ಮಗಳ ತಲೆ ಸವರಿದಳು. "ಅಳಬ್ಯಾಡ ಕೂಸೇ. ದೊಡ್ಡ ಮೇಷ್ಟ್ರಮ್ಮಂಗೂ ಇನ್ನೂ ವಯಸ್ಸಾಗಿಲ್ಲ. ಮುಂದಿನ ವರ್ಸ ಇಬ್ರೂ ಒಟ್ಟಿಗೆ ಸೇರ್ಕೊಳ್ಳೋರಂತೆ."

ಹೆಡ್‌ಮಿಸ್ಟ್ರೆಸ್ ಮೈತುಂಬ ಸೆರಗು ಹೊದ್ದು ಕುರ್ಚಿಯಲ್ಲಿ ಕೂತರು.

"ಹೆಸರು ಬರ್ಕೊಳ್ರೀ" ಎಂದರು ನನಗೆ.

ಯಾರದು ಎಂದು ನಾನು ಕೇಳಲಿಲ್ಲ.